ಸೆಪ್ಟೆಂಬರ್ 8: ಮೊಂತಿ ಹಬ್ಬದ ತಾರೀಕಿನಲ್ಲಿ ಚರಿತ್ರೆ

ಸೆಪ್ಟೆಂಬರ್ 8 ಎಂದರೆ ಕರಾವಳಿಯ ಕಥೊಲಿಕರಿಗೆ ಮಾತೆ ಮರಿಯಮ್ಮನವರ ಜನ್ಮದಿನ, ಮೊಂತಿ ಹಬ್ಬ, ತೆನೆ ಹಬ್ಬ. ಆಗಸ್ಟ್ 30ರಿಂದ ಒಂಬತ್ತು ದಿನಗಳ ನೊವೆನಾ, ಮಕ್ಕಳ ಕೈಯಲ್ಲಿ ಹೂವಿನ ಬುಟ್ಟಿ, ಹಬ್ಬದ ದಿನ ಆಶೀರ್ವದಿಸಿದ ಭತ್ತದ ತೆನೆ, ಮನೆಗೆ ಬಂದ ಮೇಲೆ ಹೊಸ ಅಕ್ಕಿಯ ಕಾಳು ಬೆರೆಸಿದ ಹಾಲು ಇಲ್ಲವೇ ಪಾಯಸ, ಬಾಳೆಲೆಯ ಮೇಲೆ ತರಕಾರಿ ಊಟ. ಇದನ್ನೆಲ್ಲ ನಮ್ಮ ಓದುಗರಿಗೆ ಹೇಳಿಕೊಡಬೇಕಾದ ಅಗತ್ಯವಿಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮವರು ಕೂಡ ಹತ್ತಿರದ ರಜಾದಿನ ನೋಡಿಕೊಂಡು ಇದನ್ನು ಬಿಡದೆ ಆಚರಿಸುತ್ತಾರೆ.

ಆದರೆ ಇದೇ ತಾರೀಕಿನಲ್ಲಿ ಜಗತ್ತಿನ ಬೇರೆ ಬೇರೆ ಕಡೆ ನಡೆದ ಘಟನೆಗಳನ್ನು ಜೋಡಿಸಿ ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಇಷ್ಟೊಂದು ಸಂಗತಿಗಳು ಒಂದೇ ದಿನ ಏಕೆ? ಪತ್ರಿಕೆಗಳ 'ಇತಿಹಾಸದಲ್ಲಿ ಈ ದಿನ' ಅಂಕಣ ಓದಿ ಕೆಲವರು ಇದರಲ್ಲೇನೋ ಗೂಢಾರ್ಥವಿದೆ ಎಂದು ಭಾವಿಸುವುದುಂಟು. ಹಬ್ಬದ ದಿನ ಗೆಲುವು ಬಂದರೆ ದೇವರ ಕೃಪೆ, ಹಬ್ಬದ ದಿನವೇ ದುರಂತ ಸಂಭವಿಸಿದರೆ ದೇವರ ಮುನಿಸು ಎಂದು ಹೇಳಿಬಿಡುವವರೂ ಇದ್ದಾರೆ. ಆದ್ದರಿಂದ ಈ ತಾರೀಕಿನ ಕೆಲವು ಘಟನೆಗಳನ್ನು ಆಯ್ದು, ಅವು ಸೆಪ್ಟೆಂಬರ್ 8ಕ್ಕೆ ಬಂದು ಸೇರಿದ್ದು ಹೇಗೆ ಎಂದು ಇಲ್ಲಿ ಪರಿಶೀಲಿಸುತ್ತಿದ್ದೇವೆ.

ಮೊದಲು ಒಂದು ಸಣ್ಣ ಲೆಕ್ಕ. ವರ್ಷಕ್ಕಿರುವುದು 365 ದಿನ. 3,650 ಮಂದಿ ಸದಸ್ಯರಿರುವ ಒಂದು ಚರ್ಚನ್ನು ತೆಗೆದುಕೊಂಡರೆ ಸರಾಸರಿ ಪ್ರತಿದಿನವೂ ಹತ್ತು ಮಂದಿಯ ಹುಟ್ಟುಹಬ್ಬ ಇರುತ್ತದೆ. ಒಂದು ಕೋಣೆಯಲ್ಲಿ ಬರೇ 23 ಮಂದಿ ಸೇರಿದ್ದರೂ ಅವರಲ್ಲಿ ಯಾರಾದರೂ ಇಬ್ಬರ ಜನ್ಮದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಹೆಚ್ಚು. ಗಣಿತ ಕಲಿತವರಿಗೆ ಇದು ಹಳೆಯ ವಿಷಯ, ಉಳಿದವರಿಗೆ ನಂಬಲು ಸ್ವಲ್ಪ ಕಷ್ಟ. ಸಾವಿರಾರು ವರ್ಷಗಳ ಚರಿತ್ರೆಯನ್ನು 365 ಮನೆಗಳಿಗೆ ಹಂಚಿದಾಗ ಯಾವ ಮನೆಯೂ ಖಾಲಿ ಉಳಿಯುವುದಿಲ್ಲ. ಗಾಯಕಿ ಆಶಾ ಭೋಸ್ಲೆ (1933), ನಮ್ಮ ಪೂರ್ಣಚಂದ್ರ ತೇಜಸ್ವಿ (1938), ಅಸ್ಸಾಮಿನ ಭೂಪೇನ್ ಹಜಾರಿಕಾ (1926) ಮೂವರೂ ಸೆಪ್ಟೆಂಬರ್ 8ರಂದು ಹುಟ್ಟಿದವರು. ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ 2022ರಲ್ಲಿ ನಿಧನರಾದದ್ದೂ ಇದೇ ದಿನ. ಇವುಗಳ ನಡುವೆ ಸಂಬಂಧ ಹುಡುಕುವುದು ವ್ಯರ್ಥ.

ಈ ತಾರೀಕು ಬಂದದ್ದು ಎಲ್ಲಿಂದ?

ಮರಿಯಮ್ಮನವರು ಹುಟ್ಟಿದ ದಿನವನ್ನು ಬೈಬಲ್ ಹೇಳುವುದಿಲ್ಲ. ಅವರ ತಂದೆತಾಯಿ ಜೋಕಿಂ ಮತ್ತು ಅನ್ನಮ್ಮನವರ ಹೆಸರು ಕೂಡ ನಮಗೆ ಸಿಗುವುದು ಶುಭಸಂದೇಶಗಳಲ್ಲಿ ಅಲ್ಲ, ಯಾಕೋಬನ ಹೆಸರಿನಲ್ಲಿರುವ ಎರಡನೇ ಶತಮಾನದ ಒಂದು ಬರಹದಲ್ಲಿ. ಜೆರುಸಲೇಮಿನ ಬೆತ್ಸಾಯಿದಾ ಕೊಳದ ಬಳಿ ಮರಿಯಮ್ಮನವರ ಹೆಸರಿನಲ್ಲಿ ಐದನೇ ಶತಮಾನದಲ್ಲೇ ಒಂದು ದೇವಾಲಯವಿತ್ತು. ಈಗ ಆ ಜಾಗದಲ್ಲಿ ಸಂತ ಅನ್ನಮ್ಮನವರ ಚರ್ಚ್ ಇದೆ. ಅಲ್ಲಿನ ಹಳೆಯ ದೇವಾಲಯದ ಪ್ರತಿಷ್ಠಾಪನೆಯ ವಾರ್ಷಿಕೋತ್ಸವವೇ ಸೆಪ್ಟೆಂಬರ್ 8 ಆಗಿರಬೇಕೆಂದು ಬಹಳಷ್ಟು ವಿದ್ವಾಂಸರ ಅಭಿಪ್ರಾಯ. ಪೂರ್ವದಿಂದ ಈ ಹಬ್ಬ ರೋಮಿಗೆ ಬಂತು. ಸಿರಿಯಾ ಮೂಲದ ಕುಟುಂಬದ ಪೋಪ್ ಒಂದನೇ ಸೆರ್ಜಿಯುಸ್ (687-701) ಆ ದಿನ ಮೆರವಣಿಗೆ ನಡೆಸಬೇಕೆಂದು ವಿಧಿಸಿದರು. ಮುಂದೆ ಸೆಪ್ಟೆಂಬರ್ 8ರಿಂದ ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿ ಡಿಸೆಂಬರ್ 8ನ್ನು ಅಮಲೋದ್ಭವ ಮಾತೆಯ ಹಬ್ಬವನ್ನಾಗಿ ಮಾಡಲಾಯಿತು. ಅಂದರೆ ಒಂದು ಕಟ್ಟಡದ ಪ್ರತಿಷ್ಠೆಯ ದಿನ ಎರಡು ದೊಡ್ಡ ಹಬ್ಬಗಳಿಗೆ ತಾರೀಕು ಒದಗಿಸಿಕೊಟ್ಟಿದೆ.

ನಮ್ಮಲ್ಲಿ ಇದು ತೆನೆ ಹಬ್ಬವೂ ಆದದ್ದು ಊರಿನ ಬೆಳೆಯಿಂದ. ಫರಂಗಿಪೇಟೆಯಲ್ಲಿ ನೇತ್ರಾವತಿ ತೀರದ ಮೊಂತೆ ಮರಿಯಾನೊ, ಅಂದರೆ ಮರಿಯಮ್ಮನವರ ಗುಡ್ಡದ ಚರ್ಚಿನಲ್ಲಿ, ಗೋವಾ ಮೂಲದ ವಂದನೀಯ ಜೋಕಿಂ ಮಿರಾಂದಾ 1763ರಲ್ಲಿ ಈ ಆಚರಣೆಯನ್ನು ಆರಂಭಿಸಿದರೆಂದು ಪ್ರತೀತಿ. 'ಮೊಂತೆ' ಎಂದರೆ ಗುಡ್ಡ, ಅದೇ ಮೊಂತಿ. ಮಳೆಗಾಲ ಕಳೆದು ಮೊದಲ ತೆನೆ ಬಲಿಯುವ ಕಾಲವೂ ಅದುವೇ. ತುಳುವರು ಕುರಲ್ ಕಟ್ಟಿ ಪುದ್ವಾರ್ ಊಟ ಮಾಡುವುದು ಕೂಡ ಆಸುಪಾಸಿನ ದಿನಗಳಲ್ಲೇ. ಜೆರುಸಲೇಮಿನ ತಾರೀಕಿಗೆ ನಮ್ಮ ಗದ್ದೆಯ ಸಮಯ ಕೂಡಿಬಂದದ್ದು ಆಕಸ್ಮಿಕ ಇರಬಹುದು, ಆದರೆ ಆ ಎರಡನ್ನು ಸೇರಿಸಿ ಕಟ್ಟಿದವರು ನಮ್ಮ ಹಿರಿಯರೇ.

ಹಬ್ಬವನ್ನು ಹಿಡಿದುಕೊಂಡ ಘಟನೆಗಳು

ಕೆಲವು ಘಟನೆಗಳು ಸೆಪ್ಟೆಂಬರ್ 8ಕ್ಕೆ ಸೇರಿರುವುದು ಜನ ಆ ದಿನವನ್ನು ಬೇಕೆಂದೇ ಆರಿಸಿಕೊಂಡ ಕಾರಣ. ಸ್ಪೇನಿನ ನೌಕಾಧಿಪತಿ ಪೆದ್ರೊ ಮೆನೆಂದೆಸ್ 1565ರಲ್ಲಿ ಅಮೆರಿಕದ ಫ್ಲೋರಿಡಾ ಕರಾವಳಿಯನ್ನು ಕಂಡದ್ದು ಆಗಸ್ಟ್ 28ರಂದು, ಸಂತ ಅಗಸ್ಟೀನರ ಹಬ್ಬದ ದಿನ. ಊರಿಗೆ ಅದೇ ಹೆಸರಾಯಿತು. ಅವನ ಸೈನಿಕರು ಮೊದಲೇ ದಡಕ್ಕೆ ಇಳಿದಿದ್ದರೂ ಅವನು ಅಧಿಕೃತವಾಗಿ ಇಳಿದದ್ದು ಸೆಪ್ಟೆಂಬರ್ 8ರಂದು. ಹಡಗಿನ ಧರ್ಮಗುರು ಫ್ರಾನ್ಸಿಸ್ಕೊ ಲೋಪೆಸ್ ಅಲ್ಲಿ ಬಲಿಪೂಜೆ ಅರ್ಪಿಸಿದರು, ಸ್ಥಳೀಯ ತಿಮುಕುವಾ ಜನರಿಗೂ ಊಟವಾಯಿತು. ಇಂದಿನ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಯೂರೋಪಿಯನ್ನರು ಸ್ಥಾಪಿಸಿ ಇಂದಿನವರೆಗೆ ಎಡೆಬಿಡದೆ ಬಾಳಿಬಂದಿರುವ ಅತಿ ಹಳೆಯ ಊರು ಇದು. ಆದರೆ ಅಷ್ಟೇ ಹೇಳಿ ನಿಲ್ಲಿಸುವುದು ಸರಿಯಲ್ಲ. ಮುಂದಿನ ಕೆಲವೇ ವಾರಗಳಲ್ಲಿ ಇದೇ ಮೆನೆಂದೆಸ್ ನೆರೆಯ ಫ್ರೆಂಚ್ ಪ್ರೊಟೆಸ್ಟಂಟರನ್ನು, ಶರಣಾದವರನ್ನೂ ಸೇರಿಸಿ, ಕೊಲ್ಲಿಸಿದ. ಆ ಜಾಗಕ್ಕೆ ಇಂದಿಗೂ ಮತಾನ್ಸಾಸ್, ಎಂದರೆ ಕಗ್ಗೊಲೆ, ಎಂಬ ಹೆಸರೇ ಉಳಿದಿದೆ. ಹಬ್ಬದ ದಿನ ಆರಂಭವಾಯಿತೆಂಬ ಮಾತ್ರಕ್ಕೆ ಕೆಲಸ ಪವಿತ್ರವಾಗಿಬಿಡುವುದಿಲ್ಲ.

ಅದೇ ವರ್ಷ, ಅದೇ ದಿನ, ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಚರ್ಚಿನ ಗಂಟೆಗಳು ಮೊಳಗಿದವು. ಮೇ 18ರಿಂದ ಒಟ್ಟೊಮನ್ ತುರ್ಕರ ಭಾರೀ ಸೈನ್ಯ ದ್ವೀಪಕ್ಕೆ ಮುತ್ತಿಗೆ ಹಾಕಿತ್ತು. ಸಂತ ಯೊವಾನ್ನರ ಸಂಸ್ಥೆಯ ಯೋಧರೂ ದ್ವೀಪದ ಜನರೂ ಜಾನ್ ದಿ ವಲೆಟ್ಟರ ನಾಯಕತ್ವದಲ್ಲಿ ತಡೆದು ನಿಂತಿದ್ದರು. ಸೆಪ್ಟೆಂಬರ್ 7ರಂದು ಸಿಸಿಲಿಯಿಂದ ಸಹಾಯಕ ಸೈನ್ಯ ಬಂದಿಳಿಯಿತು, ಮರುದಿನ ತುರ್ಕರು ಮುತ್ತಿಗೆ ತೆಗೆದರು. ಗಮನಿಸಬೇಕಾದ ಸಂಗತಿಯೆಂದರೆ ಕೊನೆಯ ಕಾಳಗ ನಡೆದದ್ದು ಸೆಪ್ಟೆಂಬರ್ 11ರಂದು. ಆದರೂ ಮಾಲ್ಟಾದ ಜನ ವಿಜಯದಿನವೆಂದು ಆಚರಿಸುವುದು 8ನ್ನೇ. ಘಟನೆ ಮೂರು ನಾಲ್ಕು ದಿನಗಳಲ್ಲಿ ಹರಡಿಕೊಂಡಿದ್ದಾಗ ಜನರ ನೆನಪು ಹಬ್ಬದ ದಿನವನ್ನೇ ಹಿಡಿದುಕೊಳ್ಳುತ್ತದೆ. ವೇಳಾಂಕಣ್ಣಿಯಲ್ಲೂ ಬಿರುಗಾಳಿಗೆ ಸಿಕ್ಕಿ ಬದುಕಿದ ಪೋರ್ಚುಗೀಸ್ ನಾವಿಕರು ದಡ ಸೇರಿದ್ದು ಸೆಪ್ಟೆಂಬರ್ 8ರಂದು ಎಂದು ಪರಂಪರೆ ಹೇಳುತ್ತದೆ.

ಮಾಲ್ಟಾದ ಅದೇ ದಿನಕ್ಕೆ 1943ರಲ್ಲಿ ಇನ್ನೊಂದು ಅರ್ಥ ಕೂಡಿತು. ಎರಡನೇ ಮಹಾಯುದ್ಧದಲ್ಲಿ ಆ ದ್ವೀಪದ ಮೇಲೆ ಬಾಂಬು ಸುರಿದಿದ್ದ ಇಟೆಲಿಯ ಶರಣಾಗತಿ ಘೋಷಣೆಯಾದದ್ದು ಸೆಪ್ಟೆಂಬರ್ 8ರಂದು. ಕರಾರಿಗೆ ಸಹಿ ಬಿದ್ದದ್ದು ಸೆಪ್ಟೆಂಬರ್ 3ರಂದು ಸಿಸಿಲಿಯಲ್ಲಿ. ಮರುದಿನ 9ರಂದು ಸಲೆರ್ನೊದಲ್ಲಿ ಸೈನ್ಯ ಇಳಿಸಬೇಕಿದ್ದುದರಿಂದ ಅಮೆರಿಕದ ಜನರಲ್ ಐಸೆನ್‌ಹೋವರ್ 8ರ ಸಂಜೆ ರೇಡಿಯೋದಲ್ಲಿ ಅದನ್ನು ಪ್ರಕಟಿಸಿದರು. ಇಲ್ಲಿ ತಾರೀಕನ್ನು ನಿರ್ಧರಿಸಿದ್ದು ಯುದ್ಧದ ಅಗತ್ಯ, ಹಬ್ಬ ಅಲ್ಲ. ಇಟೆಲಿಯವರಿಗಂತೂ ಈ ದಿನ ಸಂತೋಷದ್ದಾಗಲಿಲ್ಲ. ಸರಿಯಾದ ಆದೇಶವಿಲ್ಲದೆ ಅತಂತ್ರವಾದ ಅವರ ಸೈನಿಕರಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಜರ್ಮನ್ನರು ಸೆರೆಹಿಡಿದು ಶಿಬಿರಗಳಿಗೆ ಸಾಗಿಸಿದರು.

ಅಂತಾರಾಷ್ಟ್ರೀಯ ಸಾಕ್ಷರತಾ ದಿನವೂ ಸೆಪ್ಟೆಂಬರ್ 8. ನಮ್ಮ ಶಾಲೆಗಳಲ್ಲಿ ಎರಡನ್ನೂ ಒಟ್ಟಿಗೆ ಆಚರಿಸುವಾಗ ಇವಕ್ಕೆ ಸಂಬಂಧವಿದೆಯೇ ಎಂದು ಮಕ್ಕಳು ಕೇಳುವುದುಂಟು. ಇಲ್ಲ. ಅನಕ್ಷರತೆ ನಿವಾರಣೆಗಾಗಿ ವಿವಿಧ ದೇಶಗಳ ಶಿಕ್ಷಣ ಸಚಿವರ ಸಮ್ಮೇಳನ 1965ರಲ್ಲಿ ಇರಾನಿನ ತೆಹರಾನಿನಲ್ಲಿ ಆ ದಿನ ಆರಂಭವಾಗಿತ್ತು. ಅದರ ನೆನಪಿಗೆ ಯುನೆಸ್ಕೋ 1966ರಲ್ಲಿ ಈ ದಿನವನ್ನು ಘೋಷಿಸಿತು.

ದಿನವೇ ತಪ್ಪಿಹೋದಾಗ

ಒಂದೇ ತಾರೀಕು ಎಂದು ನಾವು ಸುಲಭವಾಗಿ ಹೇಳುತ್ತೇವೆ. ಆದರೆ ತಾರೀಕು ಎಂಬುದೇ ಅಷ್ಟು ಗಟ್ಟಿಯಾದ ವಸ್ತುವಲ್ಲ ಎಂಬುದನ್ನು ತೋರಿಸಿದ ಹಡಗು ಕೂಡ ಒಂದು ಸೆಪ್ಟೆಂಬರ್ 8ರಂದೇ ಊರು ಸೇರಿತು.

ಮೆಗಲ್ಲನ್ 1519ರಲ್ಲಿ ಐದು ಹಡಗುಗಳೊಂದಿಗೆ ಸ್ಪೇನಿನಿಂದ ಪಶ್ಚಿಮಕ್ಕೆ ಹೊರಟಾಗ ಜೊತೆಗೆ 240ರಷ್ಟು ಮಂದಿ ಇದ್ದರು. ಮೆಗಲ್ಲನ್ ಫಿಲಿಪ್ಪೀನ್ಸಿನಲ್ಲಿ ಹತನಾದ. ಭೂಮಿಯನ್ನು ಪೂರ್ತಿ ಸುತ್ತಿ ಮರಳಿದ್ದು 'ವಿಕ್ಟೋರಿಯಾ' ಎಂಬ ಒಂದೇ ಹಡಗು, ಅದರಲ್ಲಿ 18 ಮಂದಿ, ನಾಯಕ ಎಲ್ಕಾನೊ. ಹೊಟ್ಟೆ ತುಂಬ ಲವಂಗ ಹೊತ್ತು ಆ ಹಡಗು 1522ರ ಸೆಪ್ಟೆಂಬರ್ 6ರಂದು ಸ್ಪೇನಿನ ಕರಾವಳಿಯನ್ನೂ 8ರಂದು ಸೆವಿಲ್ ನಗರವನ್ನೂ ಮುಟ್ಟಿತು. ಮರುದಿನ ಬದುಕುಳಿದವರು ಬರಿಗಾಲಲ್ಲಿ, ಅಂಗಿಯಲ್ಲಿ, ಕೈಯಲ್ಲಿ ಮೇಣದ ಬತ್ತಿ ಹಿಡಿದು ಮರಿಯಮ್ಮನವರ ಎರಡು ಪುಣ್ಯಸ್ಥಳಗಳಿಗೆ ನಡೆದುಹೋದರು.

ಅದಕ್ಕೂ ಎರಡು ತಿಂಗಳ ಹಿಂದೆ, ಜುಲೈಯಲ್ಲಿ, ಅವರು ಆಹಾರಕ್ಕಾಗಿ ಕೇಪ್ ವರ್ಡ್ ದ್ವೀಪದಲ್ಲಿ ನಿಂತಿದ್ದರು. ಇಂದು ಯಾವ ವಾರ ಎಂದು ದಡದವರನ್ನು ಕೇಳಿದಾಗ 'ಗುರುವಾರ' ಎಂಬ ಉತ್ತರ ಬಂತು. ಹಡಗಿನ ಲೆಕ್ಕದಲ್ಲಿ ಅದು ಬುಧವಾರ. ದಿನಚರಿ ಬರೆಯುತ್ತಿದ್ದ ಇಟೆಲಿಯ ಪಿಗಾಫೆತ್ತಾ, ತಾನು ಒಂದು ದಿನವೂ ತಪ್ಪಿಸದೆ ಬರೆದಿದ್ದೇನಲ್ಲ ಎಂದು ಬೆರಗಾದ. ಅವನ ಬರವಣಿಗೆ ಸರಿಯಾಗಿಯೇ ಇತ್ತು. ಸೂರ್ಯ ಸಾಗುವ ದಿಕ್ಕಿನಲ್ಲೇ, ಪಶ್ಚಿಮಕ್ಕೆ, ಸಾಗುತ್ತಾ ಹೋದವನಿಗೆ ಪ್ರತಿಯೊಂದು ಹಗಲು ಸ್ವಲ್ಪ ಸ್ವಲ್ಪವೇ ಉದ್ದವಾಗುತ್ತದೆ. ಭೂಮಿಯ ಸುತ್ತು ಮುಗಿಯುವಾಗ ಆ ಸ್ವಲ್ಪಗಳೆಲ್ಲ ಸೇರಿ ಇಡೀ ಒಂದು ದಿನವಾಗಿರುತ್ತದೆ. ಊರಿನಲ್ಲಿ ಕೂತವರಿಗಿಂತ ಅವನು ಒಂದು ಸೂರ್ಯೋದಯ ಕಡಿಮೆ ಕಂಡಿರುತ್ತಾನೆ. ಇಂದು ಪೆಸಿಫಿಕ್ ಸಾಗರದಲ್ಲಿ ದಿನಾಂಕ ರೇಖೆ ಎಂಬ ಗೆರೆ ಇದೆ, ಅದನ್ನು ದಾಟುವಾಗ ತಾರೀಕು ಬದಲಿಸುತ್ತೇವೆ. ಆಗ ಆ ಗೆರೆ ಇರಲಿಲ್ಲ. ಪಾಪ, ಆ ನಾವಿಕರು ಶುಕ್ರವಾರವೆಂದು ಮಾಂಸ ಬಿಟ್ಟ ದಿನ ಊರಿನಲ್ಲಿ ಶನಿವಾರವಾಗಿತ್ತು. ಅವರ ಲೆಕ್ಕವನ್ನೇ ಹಿಡಿದರೆ ಸೆವಿಲ್ ತಲುಪಿದ್ದು ಸೆಪ್ಟೆಂಬರ್ 7ಕ್ಕೆ.

ಇದರ ಮೇಲೆ ಕ್ಯಾಲೆಂಡರ್ ಕೂಡ ಬದಲಾಯಿತು. ಹಳೆಯ ಜೂಲಿಯನ್ ಕ್ಯಾಲೆಂಡರ್ ಸೂರ್ಯನಿಗಿಂತ ಹತ್ತು ದಿನ ಹಿಂದುಳಿದಿದ್ದ ಕಾರಣ ಪೋಪ್ 13ನೇ ಗ್ರೆಗರಿ 1582ರಲ್ಲಿ ಅಕ್ಟೋಬರ್ 4ರ ಮರುದಿನವನ್ನೇ ಅಕ್ಟೋಬರ್ 15 ಎಂದು ಮಾಡಿದರು. ಆವಿಲಾದ ಸಂತ ತೆರೇಸಾ ತೀರಿಕೊಂಡದ್ದು ಅದೇ ರಾತ್ರಿ. ಅವರ ಹಬ್ಬ ಇಂದಿಗೂ ಅಕ್ಟೋಬರ್ 15. ಹಾಗಾಗಿ ಮಾಲ್ಟಾದ 1565ರ ಸೆಪ್ಟೆಂಬರ್ 8ನ್ನು ಇಂದಿನ ಕ್ಯಾಲೆಂಡರಿಗೆ ತಿರುಗಿಸಿದರೆ ಅದು ಸೆಪ್ಟೆಂಬರ್ 18. ಬ್ರಿಟನ್ ಹೊಸ ಕ್ಯಾಲೆಂಡರನ್ನು ಒಪ್ಪಿಕೊಂಡದ್ದು ಬಹಳ ತಡವಾಗಿ, 1752ರಲ್ಲಿ. ಅಲ್ಲಿ ಆ ವರ್ಷ ಸೆಪ್ಟೆಂಬರ್ 2ರ ಮರುದಿನ 14 ಬಂತು, ಸೆಪ್ಟೆಂಬರ್ 8 ಬರಲೇ ಇಲ್ಲ!

ರಷ್ಯಾದ ಕಥೆ ಇನ್ನೂ ಸ್ವಾರಸ್ಯಕರ. ಕುಲಿಕೊವೊ ಯುದ್ಧ ಅಲ್ಲಿ 1380ರ ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಜನನೋತ್ಸವದ ದಿನ ನಡೆಯಿತು. ರಷ್ಯಾದ ಧರ್ಮಸಭೆ ಈಗಲೂ ಜೂಲಿಯನ್ ಕ್ಯಾಲೆಂಡರಿನಂತೆ ನಡೆಯುವುದರಿಂದ ಆ ಹಬ್ಬ ನಮ್ಮ ಲೆಕ್ಕದ ಸೆಪ್ಟೆಂಬರ್ 21ಕ್ಕೆ ಬೀಳುತ್ತದೆ. ಸರಕಾರವೂ ಯುದ್ಧದ ಸ್ಮರಣೆಯನ್ನು 21ಕ್ಕೇ ಇಟ್ಟಿದೆ. ಆದರೆ 14ನೇ ಶತಮಾನದಲ್ಲಿ ಎರಡು ಕ್ಯಾಲೆಂಡರುಗಳ ಅಂತರ 13 ಅಲ್ಲ, 8 ದಿನ. ಲೆಕ್ಕಕ್ಕೆ ಸರಿಯಾದ ದಿನ ಸೆಪ್ಟೆಂಬರ್ 16.

ಜಾಗ ಬಿಟ್ಟುಕೊಟ್ಟ ಇಬ್ಬರು

ಸಂತರ ಹಬ್ಬವನ್ನು ಸಾಮಾನ್ಯವಾಗಿ ಅವರು ತೀರಿಕೊಂಡ ದಿನ ಆಚರಿಸುವುದು ಧರ್ಮಸಭೆಯ ಕ್ರಮ, ಏಕೆಂದರೆ ಅದು ಸ್ವರ್ಗದಲ್ಲಿ ಅವರ ಹುಟ್ಟಿದ ದಿನ. ಜೆಸ್ವಿತ್ ಧರ್ಮಗುರು ಸಂತ ಪೀಟರ್ ಕ್ಲೇವರ್ ಕೊಲಂಬಿಯಾದ ಕಾರ್ತಹೆನಾ ಬಂದರಿನಲ್ಲಿ ತೀರಿಕೊಂಡದ್ದು 1654ರ ಸೆಪ್ಟೆಂಬರ್ 8ರಂದು. ಆಫ್ರಿಕಾದಿಂದ ಗುಲಾಮರನ್ನು ತುಂಬಿಕೊಂಡು ಹಡಗು ಬಂದಾಗಲೆಲ್ಲ ಅವರು ನೀರು, ಹಣ್ಣು, ಔಷಧಿ ಹಿಡಿದು ಹಡಗಿನ ತಳಕ್ಕೆ ಇಳಿಯುತ್ತಿದ್ದರು. ಕೊನೆಯ ವ್ರತದ ಪತ್ರಕ್ಕೆ ತಾನು ಗುಲಾಮರ ಗುಲಾಮನೆಂದು ಸಹಿ ಹಾಕಿದವರು ಅವರು. ಸಂತ ವಿನ್ಸೆಂಟ್ ದಿ ಪೌಲ್ ಸಭೆಯನ್ನು 1833ರಲ್ಲಿ ಪ್ಯಾರಿಸಿನಲ್ಲಿ ಗೆಳೆಯರೊಂದಿಗೆ ಆರಂಭಿಸಿದ ಫ್ರೆಡ್ರಿಕ್ ಒಝಾನಮ್ ಮಾರ್ಸೇಲಿನಲ್ಲಿ ತೀರಿಕೊಂಡದ್ದೂ 1853ರ ಸೆಪ್ಟೆಂಬರ್ 8ರಂದು, ಕೇವಲ 40ನೇ ವಯಸ್ಸಿನಲ್ಲಿ. ನಮ್ಮ ಚರ್ಚುಗಳಲ್ಲಿ ಬಡಕುಟುಂಬಗಳ ಮನೆಗೆ ಅಕ್ಕಿ, ಔಷಧಿಯ ಖರ್ಚು ತಲುಪಿಸುವ ಈ ಸಭೆಯ ಸದಸ್ಯರಲ್ಲಿ ಎಷ್ಟು ಮಂದಿಗೆ ತಮ್ಮ ಸ್ಥಾಪಕರು ಮೊಂತಿ ಹಬ್ಬದ ದಿನ ತೀರಿಕೊಂಡರೆಂದು ಗೊತ್ತಿದೆಯೋ ತಿಳಿಯದು. 8ನೇ ತಾರೀಕು ಮರಿಯಮ್ಮನವರದ್ದಾದ ಕಾರಣ ಇವರಿಬ್ಬರ ಸ್ಮರಣೆ ಮರುದಿನ 9ಕ್ಕೆ ಸರಿದಿದೆ.

ಗಾಲ್ವೆಸ್ಟನ್, 1900

ಈಗ ದುರಂತದ ವಿಷಯ. ಅಮೆರಿಕದ ಟೆಕ್ಸಾಸಿನ ಗಾಲ್ವೆಸ್ಟನ್ ಸಮುದ್ರದ ನಡುವಿನ ಒಂದು ಮರಳ ದ್ವೀಪ. 1900ರಲ್ಲಿ ಅಲ್ಲಿ ಸುಮಾರು 37 ಸಾವಿರ ಜನರಿದ್ದರು, ದೊಡ್ಡ ಬಂದರಿತ್ತು. ಊರಿನ ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ ಒಂಬತ್ತು ಅಡಿಗಿಂತ ಕಡಿಮೆ. ತಡೆಗೋಡೆ ಬೇಕೆಂಬ ಮಾತು ಮೊದಲೇ ಬಂದಿತ್ತು. ಚಂಡಮಾರುತ ಈ ಊರಿಗೆ ದೊಡ್ಡ ಹಾನಿ ಮಾಡೀತೆಂಬ ಭಯ ಅರ್ಥವಿಲ್ಲದ್ದು ಎಂದು ಅಲ್ಲಿನ ಹವಾಮಾನ ಅಧಿಕಾರಿ ಐಸಾಕ್ ಕ್ಲೈನ್ 1891ರಲ್ಲಿ ಪತ್ರಿಕೆಯಲ್ಲೇ ಬರೆದಿದ್ದರು. ಗೋಡೆ ಆಗಲಿಲ್ಲ.

ಇತ್ತ ಕ್ಯೂಬಾದ ಹವಾನಾದಲ್ಲಿ ಜೆಸ್ವಿತರ ಬೆಲೆನ್ ವೀಕ್ಷಣಾಲಯವಿತ್ತು. ವಂದನೀಯ ಬೆನಿಟೊ ವಿನ್ಯೆಸ್ 1870ರಿಂದ ತಮ್ಮ ಮರಣದವರೆಗೆ ಅಲ್ಲಿ ಮೋಡ, ಗಾಳಿ, ವಾಯುಭಾರಗಳನ್ನು ದಿನವೂ ಗುರುತಿಸಿಟ್ಟು ಚಂಡಮಾರುತ ಯಾವ ಕಡೆ ತಿರುಗುತ್ತದೆಂದು ಮುನ್ಸೂಚನೆ ಕೊಡುವ ವಿದ್ಯೆಯನ್ನೇ ಬೆಳೆಸಿದ್ದರು. ಅವರ ಉತ್ತರಾಧಿಕಾರಿಗಳು 1900ರ ಸೆಪ್ಟೆಂಬರಿನ ಬಿರುಗಾಳಿ ಮೆಕ್ಸಿಕೊ ಕೊಲ್ಲಿಯನ್ನು ದಾಟಿ ಟೆಕ್ಸಾಸಿನ ಕಡೆ ಹೋಗುವುದೆಂದು ಅಂದಾಜಿಸಿದರು. ಆದರೆ ಕ್ಯೂಬಾ ಆಗ ಅಮೆರಿಕದ ಸೈನ್ಯದ ಹಿಡಿತದಲ್ಲಿತ್ತು. ಸ್ಥಳೀಯರು ಸುಮ್ಮನೆ ಭಯ ಹುಟ್ಟಿಸುತ್ತಾರೆಂದು ಅಮೆರಿಕದ ಹವಾಮಾನ ಇಲಾಖೆ ಕ್ಯೂಬಾದ ಬಿರುಗಾಳಿ ತಂತಿಗಳನ್ನು ಕೆಲವೇ ವಾರಗಳ ಮೊದಲು ತಡೆಸಿತ್ತು. ಬಿರುಗಾಳಿ ಫ್ಲೋರಿಡಾದ ಕಡೆ ತಿರುಗುತ್ತದೆ ಎಂಬುದು ಇಲಾಖೆಯ ಲೆಕ್ಕ. ಅದು ತಿರುಗಲಿಲ್ಲ.

ಸೆಪ್ಟೆಂಬರ್ 8, ಶನಿವಾರ, 15 ಅಡಿಗೂ ಮೀರಿದ ನೀರು ದ್ವೀಪದ ಮೇಲೆ ಹರಿಯಿತು. ಸತ್ತವರು ಕನಿಷ್ಠ ಆರು ಸಾವಿರ, ಎಂಟು ಸಾವಿರವೆಂದು ಹಲವರ ಅಂದಾಜು. ಅಮೆರಿಕದ ಚರಿತ್ರೆಯಲ್ಲಿ ಪ್ರಕೃತಿ ವಿಕೋಪದಿಂದ ಇಷ್ಟು ಜನ ಬೇರೆಂದೂ ಸತ್ತಿಲ್ಲ. ಕ್ಲೈನ್ ಅವರ ಗರ್ಭಿಣಿ ಪತ್ನಿಯೂ ಸತ್ತವರಲ್ಲಿ ಒಬ್ಬರು.

ಊರ ಹೊರಗೆ ಸಮುದ್ರದ ದಡದಲ್ಲೇ ಸಂತ ಮರಿಯಮ್ಮನವರ ಅನಾಥಾಲಯವಿತ್ತು. ಪಟ್ಟಣದಲ್ಲಿ ಹಬ್ಬುತ್ತಿದ್ದ ಹಳದಿ ಜ್ವರದಿಂದ ಮಕ್ಕಳನ್ನು ದೂರವಿಡಲು ಅದನ್ನು ಅಲ್ಲಿ ಇಟ್ಟಿದ್ದರು. ಇನ್‌ಕಾರ್ನೇಟ್ ವರ್ಡ್ ಸಂಸ್ಥೆಯ ಹತ್ತು ಮಂದಿ ಧರ್ಮಭಗಿನಿಯರು, 93 ಮಕ್ಕಳು. ಸಂಜೆ ನೀರು ಏರುತ್ತಿದ್ದಂತೆ ಭಗಿನಿಯರು ಮಕ್ಕಳನ್ನೆಲ್ಲ ಗಟ್ಟಿಯಾಗಿದ್ದ ಹುಡುಗಿಯರ ಕಟ್ಟಡಕ್ಕೆ ಕರೆತಂದರು, ಭಯ ಮರೆಯಲೆಂದು ಹಾಡಿಸಿದರು. ಅಲೆಗಳ ರಾಣಿಯಾದ ಮರಿಯಮ್ಮನವರನ್ನು ಕರೆಯುವ, ಫ್ರಾನ್ಸಿನ ಮೀನುಗಾರರು ಬಿರುಗಾಳಿಯಲ್ಲಿ ಹಾಡುತ್ತಿದ್ದ ಹಳೆಯ ಗೀತೆ ಅದು. ಬಟ್ಟೆ ಒಣಗಿಸುವ ಹಗ್ಗವನ್ನು ತುಂಡು ಮಾಡಿ ಒಬ್ಬೊಬ್ಬ ಭಗಿನಿಯೂ ಆರರಿಂದ ಎಂಟು ಮಕ್ಕಳನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡರು. ಕಟ್ಟಡ ಕುಸಿಯಿತು. ಹತ್ತು ಮಂದಿ ಭಗಿನಿಯರೂ 90 ಮಕ್ಕಳೂ ಸತ್ತರು. ದೊಡ್ಡ ಹುಡುಗರು ಮೂವರು ತೇಲುತ್ತಿದ್ದ ಮರವೊಂದನ್ನು ಹಿಡಿದು ಬದುಕಿದರು, ಏನಾಯಿತೆಂದು ಹೇಳಿದವರು ಅವರೇ. ಶವಗಳು ಸಿಕ್ಕಾಗ ಹಗ್ಗ ಇನ್ನೂ ಬಿಗಿದೇ ಇತ್ತು.

ಮರಿಯಮ್ಮನವರ ಜನ್ಮದಿನದಂದೇ, ಅವರ ಹೆಸರಿನ ಮನೆಯಲ್ಲೇ, ಅವರನ್ನು ಕರೆದು ಹಾಡುತ್ತಿದ್ದ ಮಕ್ಕಳಿಗೆ ಹೀಗಾಯಿತಲ್ಲ ಎಂಬ ಸಂಕಟ ಯಾರಿಗೂ ಸಹಜ. ಇದಕ್ಕೆ ತಾರೀಕಿನಲ್ಲಿ ಉತ್ತರ ಹುಡುಕಬಾರದು ಎಂಬುದು ನಮ್ಮ ಅಭಿಪ್ರಾಯ. ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂದು ಎಣಿಸಬೇಡಿ ಎಂದು ಯೇಸುವೇ ಹೇಳಿದ್ದಾರೆ. ಬಿರುಗಾಳಿಗೆ ನಮ್ಮ ಕ್ಯಾಲೆಂಡರ್ ಗೊತ್ತಿಲ್ಲ. ಅದಕ್ಕೆ ಗೊತ್ತಿದ್ದುದು ಬಿಸಿಯಾದ ಸಮುದ್ರ, ತಗ್ಗಾದ ಮರಳದಿಣ್ಣೆ, ಗೋಡೆಯಿಲ್ಲದ ಊರು. ಎಚ್ಚರಿಕೆಯ ತಂತಿಯನ್ನು ತಡೆದವರು ಮನುಷ್ಯರು. ಪ್ರತಿ ಮಳೆಗಾಲದಲ್ಲಿ ಕಡಲ್ಕೊರೆತವನ್ನು ನೋಡುವ ನಮ್ಮ ಕರಾವಳಿಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಗಾಲ್ವೆಸ್ಟನ್ನಿನವರು 17 ಅಡಿ ಎತ್ತರದ ತಡೆಗೋಡೆ ಕಟ್ಟಿದರು, ಅದರ ಮೊದಲ ಭಾಗ 1904ರಲ್ಲಿ ಮುಗಿಯಿತು. ಮರಳು ತುಂಬಿ ಊರಿನ ನೆಲವನ್ನೇ ಎತ್ತರಿಸಿದರು, ಮನೆಗಳನ್ನು ಜಾಕಿ ಕೊಟ್ಟು ಮೇಲಕ್ಕೆತ್ತಿದರು. 1915ರಲ್ಲಿ ಮತ್ತೊಂದು ಚಂಡಮಾರುತ ಬಡಿದಾಗ ಗೋಡೆ ತಡೆಯಿತು. ಅನಾಥಾಲಯವಿದ್ದ ಜಾಗದಲ್ಲಿ 1994ರ ಸೆಪ್ಟೆಂಬರ್ 8ರಂದು ಸ್ಮಾರಕಫಲಕ ನೆಟ್ಟರು. ಆ ಸಂಸ್ಥೆಯ ಭಗಿನಿಯರು ಯಾವ ದೇಶದಲ್ಲಿದ್ದರೂ ಪ್ರತಿ ವರ್ಷ ಈ ದಿನ ಅಲೆಗಳ ರಾಣಿಯ ಅದೇ ಗೀತೆಯನ್ನು ಹಾಡುತ್ತಾರೆ.